ನೆಲಮಾಳಿಗೆಯ ಊಟ

ಬಿಸ್ಕತ್ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಮೂಗಣ್ಣ. ಎಣ್ಣೆ, ಬೆಣ್ಣೆ, ಹಿಟ್ಟು, ಯಾವುದು ಬಂದರೂ ಮೊದಲು ಅವನ ಮೂಗಿನ ಕೆಳಗೆ ಹಾದುಹೋಗಬೇಕಿತ್ತು. ಅವನು ಮೂಸಿ ತಲೆಯಾಡಿಸಿದರೆ ಲಾರಿ ಒಳಗೆ ಬರುತ್ತಿತ್ತು, ಮುಖ ಕಿವಿಚಿದರೆ ಬಂದ ದಾರಿಯಲ್ಲೇ ವಾಪಸ್ಸು.

ಅಂಥ ಮೂಗು ಒಂದು ಜ್ವರದಲ್ಲಿ ಹೊರಟುಹೋಯಿತು. ಜ್ವರ ಬಿಟ್ಟ ಮೂರ್ನಾಲ್ಕು ದಿನಕ್ಕೆ ಒಲೆಯ ಮೇಲೆ ಹಾಲು ಸೀದು ತಳ ಹತ್ತುತ್ತಿದ್ದರೆ ಅವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದ. ಬಚ್ಚಲಿನಿಂದ ಓಡಿ ಬಂದ ಹೆಂಡತಿ ಮೊದಲು ಬೈದಳು, ಆಮೇಲೆ ಅವನ ಮುಖ ನೋಡಿ ಪಾತ್ರೆ ಇಳಿಸಿ ಪಕ್ಕದಲ್ಲಿ ಕೂತಳು.

"ವಾಸನೆ ಮತ್ತೆ ಬರಬಹುದು ಅಂತ ಡಾಕ್ಟರು ಅಂದಿದ್ದಾರಲ್ಲ ರೀ. ಅಲ್ಲಿವರೆಗೆ ಮ್ಯಾನೇಜರಿಗೆ ಹೇಳಿಬಿಡಿ."

"ಏನಂತ ಹೇಳ್ಲಿ? ಮೂಗಿಲ್ಲದ ಮೂಗಣ್ಣ ಅಂತ ಕಾರ್ಖಾನೆ ತುಂಬ ಆಡ್ಕೊಳ್ಳಕ್ಕಾ?"

ಅಂದಿನಿಂದ ಅವನು ಎಣ್ಣೆಯ ಮಾದರಿಗಳನ್ನು ಸಣ್ಣ ಸೀಸೆಗಳಲ್ಲಿ ಮನೆಗೆ ತರತೊಡಗಿದ. ಹೆಂಡತಿ ಮೂಸಿ ಹೇಳುತ್ತಿದ್ದಳು, ಮರುದಿನ ಅವನು ಗತ್ತಿನಿಂದ ಅದನ್ನೇ ಒಪ್ಪಿಸುತ್ತಿದ್ದ. ಹೀಗೆ ಬಂಡಿ ಸಾಗುತ್ತಿರುವಾಗ ಮ್ಯಾನೇಜರು ಒಂದು ದಿನ ಬೆನ್ನು ತಟ್ಟಿ, "ಮೂಗಣ್ಣ, ಸ್ಯಾಂಪಲ್ ನೋಡೋಕೆ ದಕ್ಷಿಣದ ಎಣ್ಣೆ ಗಿರಣಿಗೆ ಹೋಗ್ಬೇಕು, ರೆಡಿ ಆಗಿ" ಎಂದರು. ಅಲ್ಲಿಗೆ ಹೆಂಡತಿಯ ಮೂಗನ್ನು ಒಯ್ಯುವಂತಿರಲಿಲ್ಲ.

ದಕ್ಷಿಣದ ಆ ಊರು ನೂರಾರು ವರ್ಷದ್ದು. ಗಿರಣಿಯ ಯಜಮಾನರು ಬೆಳಿಗ್ಗೆಯೇ ಕಾರು ತಂದು, "ಮೊದಲು ಊರು ನೋಡಿ, ಆಮೇಲೆ ಊಟ, ಎಣ್ಣೆ ಎಲ್ಲೂ ಓಡಿಹೋಗಲ್ಲ" ಎಂದು ನಕ್ಕರು. ಮ್ಯಾನೇಜರು, ಖರೀದಿ ವಿಭಾಗದ ಮೇಡಂ, ಮೂಗಣ್ಣ, ಮೂವರೂ ಹತ್ತಿದರು. ಪಾಚಿಗಟ್ಟಿದ ಕೋಟೆಗೋಡೆ, ಫಿರಂಗಿ ಗುಂಡು ತಾಗಿ ಮೂಲೆ ಹಾರಿಹೋದ ದಿಡ್ಡಿ ಬಾಗಿಲು, ಗಾಲಿಯ ಗೀರು ಬಿದ್ದ ಕಲ್ಲುಹಾಸು, ಒಂದೊಂದನ್ನೂ ಯಜಮಾನರು ತಮ್ಮ ತಾತನೇ ಕಟ್ಟಿಸಿದ್ದೆಂಬಂತೆ ತೋರಿಸಿದರು. ಮೂಗಣ್ಣ ಹೂಂಗುಟ್ಟುತ್ತಿದ್ದನೇ ಹೊರತು ಅವನ ಮನಸ್ಸೆಲ್ಲ ಮಧ್ಯಾಹ್ನದ ಎಣ್ಣೆಯ ಬಟ್ಟಲುಗಳ ಮೇಲಿತ್ತು. ಮೇಡಂ ಮುಖ ನೋಡಿಕೊಂಡು ಹೇಳಿದರಾಯಿತು ಎಂದು ಒಮ್ಮೆ, ತಲೆನೋವೆಂದು ಮಲಗಿಬಿಟ್ಟರಾಯಿತು ಎಂದು ಇನ್ನೊಮ್ಮೆ ಲೆಕ್ಕ ಹಾಕುತ್ತಿದ್ದ.

ಕೋಟೆಯ ಹಿಂದಿನ ಓಣಿ ಮೀನಿನ ಮಾರುಕಟ್ಟೆಗೆ ತೆರೆದುಕೊಂಡಿತು. ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದರು, ಮೇಡಂ ಸೆರಗು ಮುಚ್ಚಿಕೊಂಡರು. ಮೂಗಣ್ಣ ಮಾತ್ರ ಮೂಗಿನ ನೇರಕ್ಕೆ ನಡೆದುಹೋಗುತ್ತಿದ್ದ.

"ನಿಮಗೇನೂ ಅನ್ಸಲ್ವಾ?" ಎಂದರು ಮೇಡಂ.

ಮೂಗಣ್ಣ "ಅಬ್ಬಬ್ಬಾ" ಎಂದು ತಡವಾಗಿ ಮೂಗು ಹಿಡಿದುಕೊಂಡ. ಮ್ಯಾನೇಜರು ಪಕಪಕ ನಕ್ಕು, "ನಾವೇ ಸಾಯ್ತಾ ಇದೀವಿ, ಇವರ ಮೂಗಿಗೆ ಇನ್ನೇನಾಗ್ತಿರಬೇಡ! ಉಸಿರು ಬಿಗಿಹಿಡ್ಕೊಂಡು ನಡೀತಿದ್ರು, ಪಾಪ" ಎಂದರು. ಮೇಡಂ ನಗಲಿಲ್ಲ.

ಊಟಕ್ಕೆ ಕರೆದೊಯ್ದದ್ದು ಹಿಂದಿನ ಕಾಲದ ವ್ಯಾಪಾರಿಯೊಬ್ಬನ ಮನೆಗೆ. ಅದೀಗ ಹೆಸರುವಾಸಿ ಹೋಟೆಲು. ಕಾಳು ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ ಮೇಜು ಹಾಕಿದ್ದರು. ಕಡಿದಾದ ಕಲ್ಲಿನ ಮೆಟ್ಟಿಲು, ಕಮಾನಿನ ಚಾವಣಿ, ಗೋಡೆಯ ಎತ್ತರದಲ್ಲಿ ಬೆಳಕಿಗೊಂದು ಗಾಜು ಮುಚ್ಚಿದ ಕಿಂಡಿ. ಗೋಡೆಯಾಚೆಗೇ ಅಡುಗೆಮನೆ, ಸೌಟಿನ ಸದ್ದು ಕೇಳುತ್ತಿತ್ತು. ಇನ್ನೆರಡು ಮೇಜಿನಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಬಂದ ಸಂಸಾರಗಳಿದ್ದವು.

ಅನ್ನ, ಸಾರು, ಹುರಿದ ಮೀನು ಬಂದವು. ಮೂಗಣ್ಣನ ನಾಲಿಗೆಗೆ ಸಿಕ್ಕಿದ್ದು ಉಪ್ಪು, ಹುಳಿ, ಖಾರ ಅಷ್ಟೆ. "ಹೇಗಿದೆ ಮೂಗಣ್ಣೋರೆ, ನಮ್ಮ ಎಣ್ಣೆಯಲ್ಲೇ ಹುರಿದದ್ದು" ಎಂದು ಯಜಮಾನರು ಮುಂದಕ್ಕೆ ಬಾಗಿದರು. ಅವರಿಗೆ ನೆಗಡಿ, ಮಾತಿಗೊಮ್ಮೆ ಸೀನುತ್ತಿದ್ದರು. "ಭೇಷ್" ಎಂದ ಅವನು.

ಆಗ ಮೇಡಂ ತುತ್ತು ಕೆಳಗಿಟ್ಟರು. "ಏನೋ ಗ್ಯಾಸ್ ವಾಸನೆ ಬಂದ ಹಾಗಿದೆ."

"ಮೋರಿ ಇರ್ಬೇಕು ಮೇಡಂ. ಹಳೇ ಕಟ್ಟಡ ನೋಡಿ" ಎಂದರು ಯಜಮಾನರು.

ಬೀಡಿ ಸಿಗರೇಟು ಸೇದಿ ಮೂಗು ಸವೆಸಿಕೊಂಡಿದ್ದ ಮ್ಯಾನೇಜರು ಎರಡು ಸಲ ಗಾಳಿ ಎಳೆದು, "ನನಗಂತೂ ಮೀನೇ ಹೊಡೀತಿದೆ. ಇರ್ಲಿ ಬಿಡಿ, ನಮ್ಮ ಮೂಗಣ್ಣ ಆರಾಮಾಗಿ ಉಣ್ತಿದ್ದಾರೆ ಅಂದ್ಮೇಲೆ ಏನೂ ಇಲ್ಲ" ಎಂದರು.

ಮೇಡಂ ಅವನತ್ತಲೇ ನೋಡುತ್ತಿದ್ದರು. ಪಕ್ಕದ ಮೇಜಿನ ಹೆಂಗಸು ಕೂಡ ಏನೋ ಅನುಮಾನದಿಂದ ತಲೆಯೆತ್ತಿದ್ದವಳು, ಈ ಮಾತು ಕೇಳಿ ಮತ್ತೆ ಮಗುವಿಗೆ ಉಣಿಸತೊಡಗಿದಳು. ಮೂಗಣ್ಣ ಉಸಿರೆಳೆದುಕೊಂಡ. ಏನೂ ಇಲ್ಲ. ಬೋಳು ಗಾಳಿ. ಇದ್ದರೂ ಇಲ್ಲ, ಇಲ್ಲದಿದ್ದರೂ ಇಲ್ಲ. ಮೇಡಂದು ಬರೀ ಭ್ರಮೆ ಇರಬಹುದು. ಮೋರಿಯೇ ಇರಬಹುದು. ಸುಮ್ಮನೆ ತಲೆಯಲ್ಲಾಡಿಸಿದರೆ ಊಟ ಮುಗಿಯುತ್ತದೆ, ಮಾನ ಉಳಿಯುತ್ತದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕಿಂಡಿಯ ಮಸುಕು ಬೆಳಕಿನಲ್ಲಿ ಬಡಿಸುವವನು ಒಂದು ಮೇಣದಬತ್ತಿ ಹಿಡಿದು ಅವರ ಮೇಜಿನ ಬಳಿ ಬಂದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿಯನ್ನು ಅದರ ಬದಿಗೆ ಇಟ್ಟ.

ಮೂಗಣ್ಣ ಎದ್ದು ಅವನ ಕೈಯನ್ನು ಅದುಮಿ ಹಿಡಿದ. ತಟ್ಟೆ ಉರುಳಿ ಸಾರು ಮ್ಯಾನೇಜರ ಪ್ಯಾಂಟಿನ ಮೇಲೆ ಚೆಲ್ಲಿತು.

"ಗೀಚಬೇಡ!" ಎಂದ. ದನಿ ಅವನದೇ ಎಂದು ಅವನಿಗೇ ಅನಿಸಲಿಲ್ಲ. "ಸಾರ್, ನನ್ನ ಮೂಗು ಸತ್ತುಹೋಗಿದೆ. ಜ್ವರ ಬಂದಾಗಿಂದ ಒಂದು ವಾಸನೇನೂ ಬರಲ್ಲ. ನನ್ನ ನಂಬಿ ಕೂತ್ಕೋಬೇಡಿ. ಮೇಡಂ ಹೇಳಿದ್ದೇ ನಿಜ ಇರ್ಬೇಕು. ಏಳಿ, ಎಲ್ರೂ ಹೊರಗೆ ನಡೀರಿ!"

"ಏನ್ ಮಾತಾಡ್ತಿದೀರಿ ನೀವು?" ಎಂದು ಮ್ಯಾನೇಜರು ಪ್ಯಾಂಟು ಕೊಡವಿಕೊಂಡು ಎದ್ದರು. ಮೇಡಂ ಆಗಲೇ ಪಕ್ಕದ ಮೇಜಿನ ಮಗುವನ್ನು ಎತ್ತಿಕೊಂಡಿದ್ದರು. "ಯಾರೂ ಸ್ವಿಚ್ ಮುಟ್ಟಬೇಡಿ" ಎಂದು ಕೂಗುತ್ತ ಮೂಗಣ್ಣ ಬಡಿಸುವವನ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಮೆಟ್ಟಿಲ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ಮೇಲಕ್ಕೆ ದೂಡಿದ. ಒಬ್ಬ ಮುದುಕಿಯ ಚಪ್ಪಲಿ ಜಾರಿ ಸಾಲು ನಿಂತುಹೋಯಿತು. ಯಜಮಾನರು ಅಜ್ಜಿಯನ್ನು ಹೆಚ್ಚುಕಡಿಮೆ ಹೊತ್ತೇ ಹತ್ತಿದರು. ಬಡಿಸುವವನು ಒಲೆ ಆರಿಸಿ ಹೊರಬನ್ನಿ ಎಂದು ಕೂಗುತ್ತ ಅಡುಗೆಮನೆಗೆ ಓಡಿದ. ಕೊನೆಯವನಾಗಿ ಮೂಗಣ್ಣ ಬೀದಿಗೆ ಬಂದಾಗ ಬೆಂಕಿಪೊಟ್ಟಣ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

ಅಗ್ನಿಶಾಮಕದವರು ಬಂದು ನೋಡಿದರು. ಗೋಡೆಯೊಳಗಿಂದ ಹಾದಿದ್ದ ಪೈಪಿನ ಕೂಡು ಬಿಟ್ಟುಕೊಂಡು, ಗ್ಯಾಸು ನೆಲಮಾಳಿಗೆಯ ತಗ್ಗಿನಲ್ಲಿ ಬಂದು ಕೂತಿತ್ತಂತೆ. "ಒಂದು ಕಡ್ಡಿ ಸಾಕಿತ್ತು" ಎಂದ ಅವರ ಮುಖ್ಯಸ್ಥ. ಮಗುವಿನ ತಾಯಿ ಬೀದಿಯ ಜಗಲಿಯ ಮೇಲೆ ಕುಸಿದು ಅತ್ತಳು.

ಮ್ಯಾನೇಜರು ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ಪ್ಯಾಂಟಿನ ಕಲೆ ಉಜ್ಜುತ್ತಲೇ ಇದ್ದರು. ಆಮೇಲೆ, "ಹಾಗಾದ್ರೆ ಇಷ್ಟು ದಿನ ಎಣ್ಣೆ ನೋಡಿದ್ದು ಯಾರು?" ಎಂದರು.

"ನಮ್ಮ ಮನೆಯವಳು ಸಾರ್."

"ನನಗೊಂದು ಮಾತು ಹೇಳೋಕೇನಾಗಿತ್ತು ರೀ?" ಸಿಟ್ಟಿನಲ್ಲಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಒಡೆದ ದನಿಯಾಗಿತ್ತು. "ಎಷ್ಟು ಜನ ಇದ್ರು ಕೆಳಗೆ... ನಿಮ್ಮ ಮೂಗು ನಂಬ್ಕೊಂಡು ಸುಮ್ನೆ ಕೂತಿದ್ನಲ್ಲ ನಾನು."

ಮೂಗಣ್ಣ ತಲೆ ತಗ್ಗಿಸಿದ.

ಗಿರಣಿಗೆ ಅಂದು ಯಾರೂ ಹೋಗಲಿಲ್ಲ. ಮುಂದಿನ ವಾರ ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಕೆಲವರು ಆಡಿಕೊಂಡರು, ಕೆಲವರು ಅಯ್ಯೋ ಎಂದರು, ಎರಡೂ ಅವನಿಗೆ ರೂಢಿಯಾಯಿತು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಮಾತ್ರ ಇಳಿದಿತ್ತು.

ಆದರೆ ಅದು ಆಮೇಲಿನ ಮಾತು. ಆ ಸಂಜೆ ವಾಪಸ್ಸು ಹೊರಟ ರೈಲಿನಲ್ಲಿ ಮೇಡಂ ಕಿತ್ತಳೆ ಸುಲಿದು ಅರ್ಧ ಅವನ ಕೈಗಿಟ್ಟರು.

"ಸ್ವಲ್ಪನಾದ್ರೂ ಗೊತ್ತಾಗುತ್ತಾ?"

ಅವನು ಒಂದು ತೊಳೆ ಬಾಯಿಗಿಟ್ಟು, ಈ ಸಲ ನಟಿಸದೆ, ನಿಧಾನವಾಗಿ ಅಗಿದ.

"ಹುಳಿ ಇದೆ ಮೇಡಂ" ಎಂದ. "ಅಷ್ಟೇ ಗೊತ್ತಾಗೋದು."