ಮೇಷ್ಟ್ರು ನಿಮಗೇನಾಗಬೇಕು?

ನಾನು ಹಳೇ ಕಾಲದವನು. ಬೇರೆಯವರು ಬೈಯುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ಮದುವೆಮನೆಯಲ್ಲಿ ತಟ್ಟೆ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುವ ಊಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊಟ ಅಂದರೆ ಪಂಕ್ತಿ, ಪಂಕ್ತಿ ಅಂದರೆ ಎಲೆ, ಎಲೆಯ ತುದಿಗೆ ಮೊದಲು ಉಪ್ಪು. ಹಿರಿಯರು ಏಳುವ ತನಕ ಕಿರಿಯರು ಕೂತಿರಬೇಕು. ವೋಟನ್ನೂ ಇಂಥ ಮಾತಾಡುವವರಿಗೇ ಹಾಕಿಕೊಂಡು ಬಂದಿದ್ದೇನೆ. ಮತ್ತೆ, ನಾನು ಬಾಳುವೆ ಮಾಡುತ್ತಿರುವುದು ಒಬ್ಬ ಗಂಡಸಿನ ಜೊತೆ.

"ಎರಡೂ ಒಟ್ಟಿಗೆ ಹೆಂಗೆ ಸಾರ್?" ಅಂತ ನನ್ನ ವಿಷಯ ಗೊತ್ತಿರುವ ಒಂದಿಬ್ಬರು ಕೇಳಿದ್ದಾರೆ. ಹೆಂಗೆ ಅಂದರೇನು? ಹುಟ್ಟಿದ್ದು ಹಂಗೆ, ಬೆಳೆದದ್ದು ಹಿಂಗೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ಗಾದೆ ಇಲ್ಲವೆ? ನನಗೋ, ಊರಿನ ದಾರಿಯೂ ಬೇಕು, ನನ್ನ ದಾರಿಯೂ ಬೇಕು.

ಅವನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ನಾನು ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ. ಇಬ್ಬರಿಗೂ ಅನುಕೂಲವಾಗಲಿ ಅಂತ ಮದ್ದೂರಿನಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ತನಕ ಜೊತೆಯಲ್ಲಿ ನಡೆಯುತ್ತೇವೆ, ಅಲ್ಲಿಂದ ಅವನಿಗೊಂದು ಬಸ್ಸು, ನನಗೊಂದು ಬಸ್ಸು. "ಇಬ್ರೂ ಮೇಷ್ಟ್ರುಗಳು ಕಣಮ್ಮ, ಒಂದ್ ಗಲಾಟೆ ಇಲ್ಲ" ಅಂತ ಓನರಮ್ಮ ಪಕ್ಕದ ಮನೆಯವರ ಹತ್ತಿರ ಹೊಗಳುತ್ತಾರೆ. ಗಲಾಟೆ ಇಲ್ಲ ಅನ್ನುವುದು ಹಸೀ ಸುಳ್ಳು. ಉಪ್ಸಾರಿಗೆ ಖಾರ ಎಷ್ಟಿರಬೇಕು ಅನ್ನುವುದರ ಮೇಲೆ ನಾವು ಮಾತು ಬಿಟ್ಟ ದಿನಗಳಿವೆ. ಅವನೇ ಮೊದಲು ಮಾತಾಡಿಸುತ್ತಾನೆ, ಪಾಪ. ನನ್ನ ಮೂಗಿನ ತುದಿಯ ಸಿಟ್ಟು ಅವನಿಗೆ ರೂಢಿಯಾಗಿದೆ.

ನಮ್ಮೂರು ಕೆರಗೋಡಿನ ಕಡೆ. ಅಲ್ಲಿ ನನ್ನ ಅಪ್ಪ, ತಮ್ಮ, ತಮ್ಮನ ಸಂಸಾರ. ಅಪ್ಪ ಒಂದು ಕಾಲಕ್ಕೆ ಪಂಚಾಯ್ತಿ ಚೇರ್ಮನ್ ಆಗಿದ್ದವರು. ಪಕ್ಷ ಬಿಟ್ಟವನ ಮನೆಯಲ್ಲಿ ನೀರು ಕುಡಿಯದವರು. ನನ್ನ ಹಳೇ ಕಾಲದ ಬುದ್ಧಿಯೆಲ್ಲ ಅವರಿಂದಲೇ ಬಂದದ್ದು. ಮದುವೆ ಆಗು ಅಂತ ಅಪ್ಪ ಒಂದಷ್ಟು ವರ್ಷ ಹೇಳಿದರು, ಆಮೇಲೆ ಬಿಟ್ಟುಬಿಟ್ಟರು. ಯಾಕೆ ಬಿಟ್ಟರು ಅಂತ ನಾನು ಕೇಳಲಿಲ್ಲ. ಅವನನ್ನು ಮಾತ್ರ ಮೊದಲ ದಿನದಿಂದಲೂ "ಮೇಷ್ಟ್ರೇ" ಅಂತಲೇ ಕರೆದರು. ನಮ್ಮ ಕಡೆ ಒಂದು ಸಲ ಮನೆಗೆ ಬಂದು ಹೋದವನೂ ಅಣ್ಣನೋ ಭಾವನೋ ಮಾವನೋ ಆಗಿಬಿಡುತ್ತಾನೆ. ಇಷ್ಟು ವರ್ಷ ಬಂದು ಹೋದರೂ ಇವನು ಮೇಷ್ಟ್ರಾಗಿಯೇ ಉಳಿದ.

ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಸಾರಿನ ಬಕೀಟು. ನಮ್ಮನೆಯ ಸಮಾರಂಭಕ್ಕೆ ಮೊದಲ ಸಲ ಬಂದಾಗ ಬಡಿಸುವುದಕ್ಕೆ ಜನ ಸಾಲದೆ ಇವನು ಬಕೀಟು ಹಿಡಿದ. ಅಷ್ಟೇ ನೋಡಿ, ಅವತ್ತಿನಿಂದ ನಾಮಕರಣವಿರಲಿ, ಗೃಹಪ್ರವೇಶವಿರಲಿ, ಇವನ ಕೈಯಲ್ಲಿ ಬಕೀಟು. ಬಡಿಸುವವನು ಯಾರ ಕಡೆಯವನು ಅಂತ ಯಾರೂ ಕೇಳುವುದಿಲ್ಲ. ಪಂಕ್ತಿಯಲ್ಲಿ ಕೂತರೆ ಮಾತ್ರ ಪಕ್ಕದವರು ಕೇಳಿಯೇ ಕೇಳುತ್ತಾರೆ: ನೀವು ಇವರಿಗೆ ಏನಾಗಬೇಕು? ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಕ್ಕೆ ಇವನು ಕೊನೆಯಲ್ಲಿ ಅಡಿಗೆಯವರ ಜೊತೆ ನಿಂತುಕೊಂಡು ಎರಡು ತುತ್ತು ತಿಂದು ಬರುತ್ತಿದ್ದ. ನನ್ನ ಮನೆಯಲ್ಲಿ ನನ್ನವನಿಗೆ ಒಂದು ಎಲೆ ಇಲ್ಲವಲ್ಲ ಅಂತ ಸಂಕಟವಾಗುತ್ತಿತ್ತು. ಹೇಳಿದರೆ ನಗುತ್ತಿದ್ದ. "ಬಕೀಟು ಹಿಡಿದವನಿಗೆ ಯಾರ ಮನೆ ಬಾಗಿಲೂ ಅಡ್ಡ ಇಲ್ಲ, ಸುಮ್ನಿರೋ ಮುದುಕ" ಅನ್ನುತ್ತಿದ್ದ.

ಈ ಸಲ ಸಂಕ್ರಾಂತಿಗೆ ಮುಂಚೆ ಒಂದು ಭಾನುವಾರ ನಾವಿಬ್ಬರೂ ಊರಿಗೆ ಹೋಗಿದ್ದೆವು. ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ಜಗಲಿಯ ಮೇಲೆ ಅಪ್ಪನೂ ಅವನೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಕಾಲೇಜಿನಲ್ಲಿ ನಾನೊಂದು ಉಪನ್ಯಾಸ ಕೊಡಬೇಕಿತ್ತು, ಅದಕ್ಕೆ ಓದಿಕೊಳ್ಳುತ್ತಿದ್ದೆ.

"ಅದೇನ್ಲಾ ಅಷ್ಟೊಂದು ಓದದು?" ಅಂದರು ಅಪ್ಪ.

"ಅಮೆರಿಕದ ರಾಜಕೀಯ ಕಣಪ್ಪ. ಅಲ್ಲಿ ನಮ್ಮಂಗೆ ಹಳೇದನ್ನ ಉಳಿಸ್ಕೋಬೇಕು ಅನ್ನೋ ಪಕ್ಷ ಒಂದದೆ. ಅದರೊಳಗೆ ಒಂದು ಥರದ ಜನ ಇದ್ದಾರೆ, ಅವರ ಕತೆ."

"ಯಾವ ತರದ ಜನ?"

ಪುಸ್ತಕದ ಮಾತು ಬಾಯಿಗೆ ಬರಲಿಲ್ಲ. ಬಂದಿದ್ದರೂ ಅಪ್ಪನಿಗೆ ಅದು ರೋಗದ ಹೆಸರಿನಂತೆ ಕೇಳುತ್ತಿತ್ತು. "ಗಂಡಸರನ್ನೇ ಮೆಚ್ಚಿ ಬಾಳುವೆ ಮಾಡೋ ಗಂಡಸರು" ಅಂದೆ. ಹೆಂಗಸರಲ್ಲೂ ಇದ್ದಾರೆ ಅಂತ ಸೇರಿಸಿದೆ. ಅವನು ತಲೆ ಎತ್ತಲಿಲ್ಲ. ಅವನ ಬೆರಳಿಂದ ಒಂದು ಕಾಳು ಚಿಮ್ಮಿ ಅಂಗಳಕ್ಕೆ ಬಿತ್ತು.

ಅಪ್ಪ "ಊಂ, ಮುಂದಕ್ಕೇಳು" ಅಂದರು.

ಹೇಳಿದೆ. ಎಷ್ಟೋ ಕಾಲ ಅಂಥವರು ಆ ಪಕ್ಷದಲ್ಲಿ ಬಾಯಿ ಮುಚ್ಚಿಕೊಂಡೇ ದುಡಿದರು. ಕೆಲವರು ಗೆದ್ದು ಸಭೆಯಲ್ಲಿ ಕೂತು, ತಮ್ಮಂಥವರ ವಿರುದ್ಧವೇ ಕೈ ಎತ್ತಿದರು, ಗುಟ್ಟು ರಟ್ಟಾಗಬಾರದಲ್ಲ. ಆಮೇಲೆ ಪಶ್ಚಿಮದ ಒಂದು ರಾಜ್ಯದಲ್ಲಿ, ಇಂಥವರು ಶಾಲೆಯಲ್ಲಿ ಮೇಷ್ಟ್ರಾಗಿ ಇರಕೂಡದು ಅಂತ ಕಾನೂನು ತರಲು ಹೊರಟರು.

"ಮೇಷ್ಟ್ರಾಗಿರ್ಬಾರ್ದಾ?" ಅಪ್ಪ ಕಾಳು ಹಿತುಕುವುದನ್ನು ನಿಲ್ಲಿಸಿದರು. "ಮಗ್ಗಿ ಏಳ್ಕೊಡಕ್ಕೂ ಅದ್ಕೂ ಏನ್ಲಾ ಸಂಬಂದ?"

"ಅದೇ ಮಾತನ್ನ ಆ ಪಕ್ಷದ ಒಬ್ಬ ದೊಡ್ಡ ನಾಯಕನೂ ಹೇಳಿದ. ಕಾನೂನು ಬಿದ್ದುಹೋಯ್ತು. ಆ ಗಲಾಟೆಯಲ್ಲೇ ಇವರು ಧೈರ್ಯ ಮಾಡಿ ತಮ್ಮದೇ ಸಂಘ ಕಟ್ಟಿಕೊಂಡರು. ಆದರೆ ಪಕ್ಷಕ್ಕೆ ಇವರು ಬಿಸಿ ತುಪ್ಪ ಆದರು, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಸಮಾವೇಶದಲ್ಲಿ ಒಂದು ಮಳಿಗೆ ಕೇಳಿದರೆ ಕೊಡಲಿಲ್ಲ. ಒಂದು ಸಲ ದೇಣಿಗೆ ಕೊಟ್ಟರೆ ಅದನ್ನೂ ವಾಪಸ್ ಕಳಿಸಿದರು."

"ಮುಯ್ಯಿ ವಾಪಸ್ ಕೊಟ್ರಾ?" ಅಪ್ಪನಿಗೆ ನಿಜಕ್ಕೂ ಸಿಟ್ಟು ಬಂತು. ನಮ್ಮ ಕಡೆ ಮದುವೆಗೆ ಬಂದವರು ಹಾಕಿದ ಮುಯ್ಯಿಯನ್ನು ಹಿಂದಕ್ಕೆ ಕೊಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. "ಚಪ್ರದೊಳೀಕೆ ಬುಟ್ಕಂಡು ಎಲೆ ಆಕ್ನಿಲ್ಲ ಅನ್ನು. ಬುಟ್ಟು ಬರದಲ್ವಾ ಅಂತಾ ಪಕ್ಸಾನ?"

"ಅವರ ಮನೇನೂ ಅದೇ ಅಲ್ವೇನಪ್ಪ? ದೇವರು, ಸಂಸಾರ, ನೇಮ ಎಲ್ಲಾ ಅವರಿಗೂ ಬೇಕು. ಆಮೇಲೆ ಅವರಲ್ಲೇ ಕೆಲವರು ವಾದ ಮಾಡಿದರು. ಮದುವೆ ಅನ್ನೋದು ಒಳ್ಳೇ ಹಳೇ ಪದ್ಧತಿ, ಉಳಿಸಬೇಕು ಅಂತ ನೀವೇ ಹೇಳ್ತೀರಿ, ನಮಗೂ ಕೊಡಿ, ನಾವೂ ಉಳಿಸ್ತೀವಿ ಅಂದರು."

ಅಪ್ಪ ಇನ್ನೊಂದು ಹಿಡಿ ಕಾಳು ಮುಂದಕ್ಕೆ ಎಳೆದುಕೊಂಡರು. ಆಮೇಲೆ "ವಸಿ ಬಿರ್ರನೆ ಇತುಕಿ ಮೇಷ್ಟ್ರೇ, ಸಾರಿಗೆ ಒತ್ತಾಯ್ತು" ಅಂದರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವನನ್ನು "ನಿನಗೇನನ್ನಿಸ್ತು?" ಅಂತ ಕೇಳಿದೆ. "ನಿನಗೆ ಬುದ್ಧಿ ಇಲ್ಲ ಅನ್ನಿಸ್ತು" ಅಂದ. ಆದರೆ ದಾರಿ ಉದ್ದಕ್ಕೂ ಅವನ ಭುಜ ನನ್ನ ಭುಜಕ್ಕೆ ಆತುಕೊಂಡೇ ಇತ್ತು.

ಮದುವೆ ಆಯಿತು. ಬೀಗರೂಟ ನಮ್ಮ ಮನೆ ಅಂಗಳದಲ್ಲೇ. ನಮ್ಮ ಕಡೆ ಬೀಗರೂಟ ಅಂದರೆ ಮದುವೆಗಿಂತ ಅದರದೇ ಚಿಂತೆ. ಬಾಡು ಕಡಿಮೆ ಆದರೂ ಮಾನ ಹೋಯಿತು, ಬೀಗರನ್ನು ಎರಡನೇ ಪಂಕ್ತಿಗೆ ಕೂರಿಸಿದರೂ ಮಾನ ಹೋಯಿತು. ಗಂಡಿನ ಕಡೆಯವರು ಆತಗೂರಿನ ಸೀಮೆಯಿಂದ ಎರಡು ಬಸ್ಸು ಮಾಡಿಕೊಂಡು ಬಂದಿದ್ದರು. ಮೊದಲ ಪಂಕ್ತಿಯ ತಲೆಯಲ್ಲಿ ಗಂಡಿನ ತಾತ, ಅವರ ಪಕ್ಕದಲ್ಲಿ ಅಪ್ಪ. ಇವನು ಎಂದಿನಂತೆ ಅಂಗಿಯ ತೋಳು ಮಡಿಚಿ, ಬಕೀಟು ಹಿಡಿದು ಬಂದ.

ತಾತನ ಎಲೆಗೆ ಸಾರು ಬಿಟ್ಟ. ತಾತ ಮುದ್ದೆ ಮುರಿಯುತ್ತಾ ತಲೆ ಎತ್ತಿ ನೋಡಿ ಅಪ್ಪನ ಕಡೆ ತಿರುಗಿದರು. "ಮದ್ವೇಲೂ ಇವ್ರೇ ಓಡಾಡ್ತಿದ್ರು. ಬೋ ಒಳ್ಳೇ ಮನ್ಸ. ನಿಮ್ಗೇನಾಗ್ಬೇಕು?"

ನಾನು ಎದುರು ಸಾಲಿಗೆ ಪಲ್ಯ ಬಡಿಸುತ್ತಿದ್ದೆ. ನನ್ನ ಕೈ ಅಲ್ಲೇ ನಿಂತಿತು. ಫ್ರೆಂಡು ಅಂತ ಕೂಗಿಬಿಡೋಣ ಅನ್ನಿಸಿತು, ಯಾವತ್ತೂ ನಾನು ಹೇಳುತ್ತಿದ್ದದ್ದು ಅದೇ. ಅವನು ಸೌಟನ್ನು ಬಕೀಟಿಗೆ ಬಿಟ್ಟು ಮುಂದಿನ ಎಲೆಗೆ ಜಾರಿಕೊಳ್ಳಲು ಹೊರಟಿದ್ದ.

"ಇವ್ರಾ?" ಅಂದರು ಅಪ್ಪ. "ನಮ್ಗೆ ಬೀಗ್ರಾಗ್ಬೇಕು."

"ಯಾವ್ ಕಡೆಯಿಂದ?"

"ದೊಡ್ಡ್ ಮಗನ ಕಡೆಯಿಂದ. ಮಳವಳ್ಳಿಯೋರು."

ತಾತ ಮದುವೆಯಾಗದ ದೊಡ್ಡ ಮಗನನ್ನು, ಅಂದರೆ ನನ್ನನ್ನು, ನೋಡಿದರು. ಅವನನ್ನು ನೋಡಿದರು. ಅಯ್ಯೋ ಶಿವನೇ, ಆ ಗಳಿಗೆ ನಾನು ಹೇಗೆ ನಿಂತಿದ್ದೆನೋ! ತಾತ ತುತ್ತನ್ನು ಸಾರಿಗೆ ಅದ್ದಿ ನುಂಗಿದರು. "ಅಲ್ಲಾ ಕಣ್ರೀ, ಬೀಗ್ರ ಕೈಲಿ ಬಕೀಟ್ ಕೊಟ್ಟಿದ್ದೀರಲ್ಲಾ? ಇದ್ಯಾವ ಸೀಮೆ ಮರ್ವಾದೆ?"

"ಅದೇ ತಪ್ಪಾಗೋಯ್ತು" ಅಂದರು ಅಪ್ಪ. ಆಮೇಲೆ ಅವನಿಗೆ, "ಬಕೀಟ್ ಮಡುಗಿ ಬೀಗ್ರೇ. ನೀವ್ ಬಡ್ಸುದ್ರೆ ನಮ್ಮನೆ ಮಾನ ಓಯ್ತದೆ. ಬನ್ನಿ, ಕೂತ್ಕಳಿ."

ಅವನು ಬಕೀಟು ಇಟ್ಟ. ಅಂಗಿಗೆ ಕೈ ಒರೆಸಿಕೊಂಡ. ತಾತ ಸರಿದು ಜಾಗ ಬಿಟ್ಟರು. ಅಪ್ಪ ತಾವೇ ಒಂದು ಎಲೆ ಹಾಸಿ, ನೀರು ಚಿಮುಕಿಸಿ, "ನೀನ್ ಬಾರ್ಲಾ ಬಡ್ಸಕ್ಕೆ, ಮನೆ ಮಗ ನೀನು" ಅಂತ ನನಗೆ ಕೂಗಿದರು.

ಎಲೆಯ ತುದಿಗೆ ಉಪ್ಪು ಹಾಕಿದೆ. ಮುದ್ದೆ ಇಟ್ಟೆ. ಸಾರು ಬಿಡುವಾಗ ಅರ್ಧ ಎಲೆಯಾಚೆ ಹೋಯಿತು. ಅವನ ಕಣ್ಣು ತುಂಬಿಕೊಂಡಿತ್ತು, ಖಾರ ಅಂತ ಹೇಳೋಣವೆಂದರೆ ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದ.

"ಬೀಗ್ರು ಸಾಕು ಅಂದ್ರೆ ಇನ್ನೊಂದ್ ಸೌಟು ಆಕ್ಬೇಕು ಕಣ್ಲಾ" ಅಂದರು ಅಪ್ಪ. "ಅಷ್ಟೂ ಗೊತ್ತಿಲ್ದೋನು ಅಳೇ ಕಾಲದೋನಂತೆ."

ಹಾಕಿದೆ.