ಒರೆಸದೆ ಇಟ್ಟ ಲೆನ್ಸು

ನನ್ನ ಅಕ್ಕನಿಗೆ ಸಿಟ್ಟೇ ಬರುವುದಿಲ್ಲ ಎಂದು ಓಣಿಯವರೆಲ್ಲ ಹೊಗಳುತ್ತಾರೆ. ಅವರಿಗೇನು ಗೊತ್ತು, ಮಣ್ಣು! ಸಿಟ್ಟು ಬೇಗ ಬರುವುದು ನನಗೆ. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಅಕ್ಕನ ಸಿಟ್ಟು ಹನ್ನೊಂದು ವರ್ಷ ಒಂದು ಪುಟ್ಟ ಡಬ್ಬಿಯೊಳಗೆ, ಹತ್ತಿಯ ಮೇಲೆ, ಮುಚ್ಚಳ ಹಾಕಿಕೊಂಡು ಕೂತಿತ್ತು. ಆ ಡಬ್ಬಿಯಲ್ಲಿ ಇದ್ದದ್ದು ಮೈಕ್ರೋಸ್ಕೋಪಿನ ಒಂದು ಲೆನ್ಸು.

ಮನೆಯಲ್ಲಿರುವುದು ನಾವಿಬ್ಬರೇ. ಮುಂದಿನ ಕೋಣೆಯ ಒಂದು ಬದಿಗೆ ನನ್ನ ಹೊಲಿಗೆ ಮೆಷಿನ್ನು, ಇನ್ನೊಂದು ಬದಿಗೆ ಅವಳ ಮೇಜು. ಶಾಲೆಗಳ, ರಕ್ತ ಪರೀಕ್ಷೆಯ ಲ್ಯಾಬುಗಳ ಕೆಟ್ಟ ಮೈಕ್ರೋಸ್ಕೋಪುಗಳೆಲ್ಲ ಅಲ್ಲಿಗೇ ಬರುತ್ತವೆ. ಬೂಷ್ಟು ಹಿಡಿದ ಲೆನ್ಸು, ಬಿಗಿದುಕೊಂಡ ತಿರುಪು, ಯಾರೋ ಸೀರೆ ಸೆರಗಿನಲ್ಲಿ ಒರೆಸಿ ಹಾಳು ಮಾಡಿದ ಗಾಜು, ಎಲ್ಲವನ್ನೂ ನೋಡುತ್ತಾಳೆ. ಅದು ಸಾಲದು ಎಂಬಂತೆ ಹವ್ಯಾಸಿಗಳ ಒಂದು ಗುಂಪು ಫೋನಿನಲ್ಲಿ ಅವಳ ಪ್ರಾಣ ತಿನ್ನುತ್ತದೆ. ‘ಅಕ್ಕ, ಹಳೆ ಡಿವಿಡಿ ಪ್ಲೇಯರಿನ ಲೆನ್ಸು ಫೋನ್ ಕ್ಯಾಮೆರಾಕ್ಕೆ ಅಂಟಿಸಬಹುದಾ?’ ಅಂಟಿಸು, ಆದರೆ ಗೋಂದು ಗಾಜಿಗೆ ತಾಗಿಸಬೇಡ. ‘ಅಕ್ಕ, ಹಸಿರು ಲೇಸರ್ ತರಿಸಿದೀನಿ, ಕಪ್ಪು ಕನ್ನಡಕ ಹಾಕ್ಕೊಂಡ್ರೆ ಸಾಕಾ?’ ಇದಕ್ಕೆ ಅವಳು ಬರೆದದ್ದು: ‘ಸಾಕು, ಆಮೇಲೆ ಬಿಳಿ ಕೋಲು ಹಿಡ್ಕೊಂಡು ಓಡಾಡೋಕೆ ಅದೇ ಕನ್ನಡಕ ಆಗುತ್ತೆ. ಆ ಬಣ್ಣಕ್ಕಂತಲೇ ಮಾಡಿರೋ ಕನ್ನಡಕ ಸಿಗೋವರೆಗೂ ಸ್ವಿಚ್ ಮುಟ್ಟಬೇಡ.’ ನಾನು ಬಿದ್ದು ಬಿದ್ದು ನಕ್ಕೆ.

ಇಷ್ಟೆಲ್ಲ ಕಲಿತದ್ದು ಶೋಕಿಗಲ್ಲ. ಅಕ್ಕ ಮೊದಲು ಕಾಲೇಜೊಂದರ ಜೀವಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದಳು. ಅಲ್ಲಿನ ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಒಂದು ದಿನ ಹೊರಗಿನ ಅತಿಥಿಗಳು ಬಂದಿದ್ದರು. ಅವರಿಗೆ ಸೂಕ್ಷ್ಮಜೀವಿ ತೋರಿಸಲು ಆ ಮನುಷ್ಯ ತಾನೇ ಕೂತ. ನೂರು ಪಟ್ಟಿನ ಲೆನ್ಸಿಗೆ ಗಾಜಿನ ಮೇಲೆ ಒಂದು ತೊಟ್ಟು ಎಣ್ಣೆ ಬೇಕು. ಪಕ್ಕದ ನಲವತ್ತರ ಲೆನ್ಸಿಗೆ ಎಣ್ಣೆ ಸೋಕಲೂ ಬಾರದು. ಮಾತಿನ ಅಮಲಿನಲ್ಲಿ ಮೇಷ್ಟ್ರು ಲೆನ್ಸುಗಳನ್ನು ಕೂರಿಸಿದ ಚಕ್ರವನ್ನು ತಪ್ಪು ದಿಕ್ಕಿಗೆ ತಿರುಗಿಸಿದ. ನಲವತ್ತರದ್ದು ಎಣ್ಣೆಯೊಳಗೆ ಹಾದುಹೋಯಿತು. ಅತಿಥಿಗಳಿಗೆ ಕಂಡದ್ದು ಬರೀ ಮಂಜು.

‘ಯಾರಮ್ಮ ಇದನ್ನ ಒರೆಸಿದ್ದು? ಗೀರು ಹಾಕಿಬಿಟ್ಟಿದ್ದೀಯ!’ ಎಂದು ಎಲ್ಲರೆದುರು ಕೂಗಿದ. ‘ಸಾರ್, ಅದು ಎಣ್ಣೆ, ಎರಡು ನಿಮಿಷ ಕೊಡಿ, ಹೋಗುತ್ತೆ’ ಎಂದಳಂತೆ ಅಕ್ಕ. ‘ಮುಟ್ಟಿದ್ರೆ ನೋಡು’ ಎಂದನಂತೆ. ಅದೇ ವಾರ ಕೈಗೆ ಕಾಗದ ಬಂತು. ನಲವತ್ತು ಪಟ್ಟಿನ ಲೆನ್ಸು, ನಂಬರು ಇಂಥದ್ದು, ಅಜಾಗರೂಕತೆಯಿಂದ ಗೀರು ಬಿದ್ದು ಶಾಶ್ವತವಾಗಿ ಹಾಳಾಗಿದೆ, ಸಹಾಯಕಿಯನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಅವನದೇ ಸಹಿ. ಗುಜರಿಗೆ ಹಾಕಿದ್ದ ಲೆನ್ಸನ್ನು ಉಗ್ರಾಣದವನು ಕನಿಕರಪಟ್ಟು ಅವಳ ಕೈಗೇ ಕೊಟ್ಟ.

ಆ ಸಂಜೆ ಅಕ್ಕ ಬಂದು ಈ ಕಥೆ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ಹಿಡಿದುಕೊಂಡೇ ಹೊರಟಿದ್ದೆ, ಅವಳೇ ತಡೆದಳು. ಕೂತು ನೀರು ಕುಡಿದ ಮೇಲೆ, ‘ನಿಜ ಹೇಳು, ಒರೆಸುವಾಗ ಕೈ ಏನಾದ್ರೂ ಜಾರಿತ್ತಾ?’ ಎಂದೆ. ಸುಮ್ಮನೆ ಕೇಳಿದ್ದು. ಅವಳು ಎದ್ದು ಹೋಗಿ ಊಟಕ್ಕೆ ತಟ್ಟೆ ಹಾಕಿದಳು.

ಆ ಲೆನ್ಸನ್ನು ಅವಳು ಒರೆಸಲಿಲ್ಲ. ‘ಎರಡು ನಿಮಿಷದ ಕೆಲಸ ಅಂತೀಯ, ಒರೆಸಿ ಅವನ ಮುಖಕ್ಕೆ ಹಿಡಿ’ ಎಂದು ನಾನು ಬಡಕೊಂಡೆ. ‘ಒರೆಸಿಬಿಟ್ರೆ ಎಣ್ಣೆ ಇರಲೇ ಇಲ್ಲ ಅಂತಾನೆ. ಎಣ್ಣೆ ಇರಲಿ. ಅವನ ಬಾಯಿಂದಲೇ ಬರಬೇಕು’ ಎಂದಳು. ಆದರೆ ಅದು ಹಳೆಯ ಕಾಲದ ದೇವದಾರು ಮರದೆಣ್ಣೆ. ಇಟ್ಟಷ್ಟೂ ಅಂಟಾಗಿ ಗಟ್ಟಿಯಾಗುತ್ತದೆ. ಒಳಗೆ ಇಳಿದರೆ ಗಾಜು ಗಾಜಿಗೆ ಅಂಟಿಸಿದ ಗೋಂದನ್ನೇ ತಿನ್ನುತ್ತದೆ. ಕಾಯುತ್ತ ಕಾಯುತ್ತ ಲೆನ್ಸು ನಿಜವಾಗಿಯೂ ಹಾಳಾದರೆ ಮೇಷ್ಟ್ರ ಸುಳ್ಳೇ ನಿಜವಾಗಿಬಿಡುತ್ತಿತ್ತು. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೊಮ್ಮೆ ಡಬ್ಬಿ ತೆಗೆದು ನೋಡಿ, ಹಲ್ಲು ಕಚ್ಚಿಕೊಂಡು ಮತ್ತೆ ಮುಚ್ಚುತ್ತಿದ್ದಳು.

ಈ ವರ್ಷ ಹವ್ಯಾಸಿಗಳು ಲೈಬ್ರರಿಯ ಸಭಾಂಗಣದಲ್ಲಿ ಒಂದು ದಿನದ ಪ್ರದರ್ಶನ ಇಟ್ಟುಕೊಂಡರು. ಅಕ್ಕನಿಗೂ ಒಂದು ಮೇಜು ಕೊಟ್ಟರು. ಪೋಸ್ಟರಿನಲ್ಲಿ ಮುಖ್ಯ ಅತಿಥಿಯ ಜಾಗದಲ್ಲಿ ನಿವೃತ್ತರಾದ ದೊಡ್ಡ ಮೇಷ್ಟ್ರ ಫೋಟೋ!

‘ಒಂದು ಲೋಟ ನೀರು ಅವನ ಮುಖಕ್ಕೆ ಎರಚಿಬಿಡು, ಉಳಿದದ್ದು ನಾನು ನೋಡ್ಕೋತೀನಿ’ ಎಂದೆ.

‘ನೀರು ಒಣಗಿಹೋಗುತ್ತೆ ಕಣೇ’ ಎಂದಳು.

ಭಾಷಣ ಮುಗಿಸಿ ಮೇಷ್ಟ್ರು ಮೇಜಿನಿಂದ ಮೇಜಿಗೆ ಬಂದ. ಪಕ್ಕದ ಮೇಜಿನಲ್ಲಿ ಒಬ್ಬ ಸಿರಿಂಜಿನ ತುದಿಯ ನೀರಹನಿಗೆ ಲೇಸರ್ ಬಿಟ್ಟು, ಹನಿಯೊಳಗಿನ ಹುಳುಗಳನ್ನು ಗೋಡೆಯ ಮೇಲೆ ಕುಣಿಸುತ್ತಿದ್ದ, ಹಾಗಾಗಿ ಜನ ಕಿಕ್ಕಿರಿದಿದ್ದರು. ಅವನ ಕಾಲೇಜಿನ ಹಳೆಯ ಸಹೋದ್ಯೋಗಿಗಳೂ ಬಾಲದಂತೆ ಹಿಂದೆಯೇ ಇದ್ದರು. ಅಕ್ಕನ ಕೂದಲು ನೆರೆತಿದೆ, ಕನ್ನಡಕ ಬಂದಿದೆ. ಅವನಿಗೆ ಗುರುತು ಸಿಗಲಿಲ್ಲ.

‘ಸಾರ್, ಈ ಲೆನ್ಸಲ್ಲಿ ಎಲ್ಲ ಮಂಜು ಮಂಜು. ಗೀರು ಬಿದ್ದಿದೆ ಅಂತಾರೆ. ತಾವು ದೊಡ್ಡವರು, ಒಂದ್ಸಲ ನೋಡಿ’ ಎಂದು ಡಬ್ಬಿ ತೆರೆದಳು. ಆ ದನಿಯಲ್ಲಿ ಬೆಣ್ಣೆ! ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಪಾಠ ಹೇಳುವ ಅವಕಾಶ ಅವನು ಬಿಡುತ್ತಾನೆಯೇ? ಅಕ್ಕ ಕೊಟ್ಟ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಡುವ ಐಪೀಸನ್ನು ತಲೆಕೆಳಗು ಮಾಡಿ ಭೂತಗನ್ನಡಿಯಂತೆ ಹಿಡಿದು ನೋಡಿದ. ‘ಗೀರು ಎಲ್ಲಮ್ಮ? ಇದು ಎಣ್ಣೆ. ಯಾವುದೋ ಕತ್ತೆ ಚಕ್ರಾನ ಉಲ್ಟಾ ತಿರುಗಿಸಿದೆ.’

‘ಗೀರು ಇಲ್ವಾ ಸಾರ್?’

‘ಇಲ್ಲವೇ ಇಲ್ಲ.’

‘ಸರಿಯಾಗಿ ನೋಡಿ ಸಾರ್.’

‘ನಲವತ್ತು ವರ್ಷ ಇದನ್ನೇ ನೋಡಿದವನಮ್ಮ ನಾನು!’

‘ಹಾಗಾದ್ರೆ ಅದರ ಮೇಲಿರೋ ನಂಬರೂ ಓದಿಬಿಡಿ.’

ಓದಿದ, ಗಟ್ಟಿಯಾಗಿ, ನಾಲ್ಕು ಏಳು ಒಂಬತ್ತು ಸೊನ್ನೆ ಆರು. ಅಕ್ಕ ಹನ್ನೊಂದು ವರ್ಷದ ಹಿಂದಿನ ಆ ಕಾಗದವನ್ನು ಬಿಡಿಸಿ ಅವನ ಮುಂದಿಟ್ಟಳು. ಅದೇ ನಂಬರು, ಅದೇ ಸಹಿ. ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

‘ಅದೆಲ್ಲ ಹಳೇ ಕಥೆ...’

‘ಒರೆಸಿ ಸಾರ್’ ಎಂದಳು ಅಕ್ಕ. ಲೆನ್ಸು ಒರೆಸುವ ಕಾಗದ, ಎಣ್ಣೆ ಕರಗಿಸಲು ಒಂದು ತೊಟ್ಟು ಜೈಲೀನು ಮುಂದಿಟ್ಟಳು. ‘ಒತ್ತಬೇಡಿ. ಹೊಸ ಕಾಗದ ತಗೊಳ್ಳಿ. ಇನ್ನೊಂದ್ಸಲ.’ ಸಹೋದ್ಯೋಗಿಗಳ ಎದುರೇ ಅವನು ಹೇಳಿದ ಹಾಗೆ ಒರೆಸಿದ.

ಅಕ್ಕ ಲೆನ್ಸನ್ನು ಮೈಕ್ರೋಸ್ಕೋಪಿಗೆ ಕೂರಿಸಿದಳು. ನೊಣದ ರೆಕ್ಕೆಯ ಒಂದೊಂದು ರೋಮವೂ ಎಣಿಸುವಷ್ಟು ನಿಚ್ಚಳವಾಗಿ ಕಂಡಿತು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಮೇಷ್ಟ್ರು ಮಾತ್ರ ಲೆನ್ಸು ಬಿಚ್ಚಿ ಮತ್ತೆ ಐಪೀಸಿನಲ್ಲಿ ಹುಡುಕಿ, ‘ನೋಡಿ, ಅಂಚಿನಲ್ಲಿ ಹಳದಿ! ಹಾಳಾಗಿದೆ!’ ಎಂದ.

‘ಹೌದು ಸಾರ್. ಎಣ್ಣೆ ಅಷ್ಟು ಒಳಗಿಳಿದಿದೆ. ಹನ್ನೊಂದು ವರ್ಷ ಒರೆಸದೆ ಇಟ್ಟವಳು ನಾನು, ಆ ಹಳದಿ ನನ್ನದು. ಎಣ್ಣೆ ನಿಮ್ಮದು. ಈ ಕಾಗದದ ಹಿಂದೆ ಬರೀರಿ.’

ಬರೆದ. ಬರೆಯದೆ ಎಲ್ಲಿಗೆ ಹೋಗುತ್ತಾನೆ, ಸುತ್ತ ಅಷ್ಟು ಜನ. ‘ಗೀರು ಇರಲಿಲ್ಲ. ಎಣ್ಣೆ ತಾಗಿಸಿದ್ದು ನಾನು.’ ಅವನು ಕಾಗದದ ನಡುವಿಗೆ ಸಹಿ ಹಾಕಲು ಹೋದಾಗ ಅಕ್ಕ ತಡೆದಳು. ‘ಮೇಲೆ ಹಾಕಿ ಸಾರ್, ಕೆಳಗೆ ಜಾಗ ಬೇಕು.’

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವನ ನಡಿಗೆ, ಅವನ ದನಿ ಎಲ್ಲವನ್ನೂ ಅಣಕಿಸಿ ಆಡಿ ತೋರಿಸಿದೆ. ಅಕ್ಕ ನಗಲಿಲ್ಲ. ಬೀಗ ತೆಗೆದು ದೀಪ ಹಾಕಿ, ಆ ಕಾಗದವನ್ನು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಹರಡಿದಳು. ಪಕ್ಕದಲ್ಲಿ ಪೆನ್ನಿಟ್ಟಳು.

‘ಇದೇನೇ?’ ಎಂದೆ.

‘ಕೈ ಜಾರಿತ್ತಾ ಅಂತ ಕೇಳಿದ್ದೆಯಲ್ಲ ಅವತ್ತು. ಅವನು ಹೊರಗಿನವನು, ಅವನದ್ದು ಹೇಗೋ ತಡ್ಕೊಂಡೆ.’

ಇಷ್ಟು ವರ್ಷ ಅದೇ ಕೋಣೆಯಲ್ಲಿ ಅವಳ ಎದುರು ಕೂತು ನಾನು ಹೊಲಿದಿದ್ದೆ.

‘ಬರಿ’ ಎಂದಳು ಅಕ್ಕ. ‘ಕೆಳಗೆ ಜಾಗ ಇದೆ.’