ಶಿದ್ರಾಮಪ್ಪನವರ ಕೊನೆಯ ಮಾತಿಗೆ ಅನಸವ್ವನ ಸಾಕ್ಷಿ

ಬೆಳಗಿನ ಐದೂವರೆ. ಜಮಖಂಡಿಯ ನೇಕಾರರ ಓಣಿಯ ಒಂದು ಮನೆಯಲ್ಲಿ ಅನಸವ್ವ ಹಾಸಿಗೆ ಹಿಡಿದ ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ, ಬಿಸಿನೀರಿನ ಬಟ್ಟೆಯಿಂದ ಮೈ ಒರೆಸುತ್ತಿದ್ದಾರೆ. ಹೊರಗೆ ಹೆಜ್ಜೆ ಸಪ್ಪಳವಾದರೆ ಕೈ ನಿಲ್ಲುತ್ತದೆ. ಬಂದವರು ಮುಂದೆ ಹೋದ ಮೇಲೆಯೇ ಮತ್ತೆ ಕೆಲಸ.

ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಮೂರು ಮನೆ, ಮೂವರು ರೋಗಿಗಳು. ಇವರ ಕೈಯಲ್ಲೇ ಕಣ್ಣು ಮುಚ್ಚಿದವರು ನಲವತ್ತಕ್ಕೂ ಹೆಚ್ಚು. ಅವರಲ್ಲಿ ಒಬ್ಬರು ಜಮೀನುದಾರ ಶಿದ್ರಾಮಪ್ಪ.

ಶಿದ್ರಾಮಪ್ಪನವರಿಗೆ ಮಕ್ಕಳಿರಲಿಲ್ಲ. ಅವರು ತೀರಿಕೊಂಡ ಮರುವರ್ಷ ಹೆಂಡತಿ ಇಂದ್ರವ್ವ ಒಂದು ಕೂಸನ್ನು ದತ್ತು ತೆಗೆದುಕೊಂಡರು. ಬೇರೆ ಮನೆ ಮಾಡಿಕೊಂಡಿದ್ದ ಮೈದುನ ಗಿರಮಲ್ಲಪ್ಪ ಜಮಖಂಡಿ ಸಂಸ್ಥಾನದ ಕೋರ್ಟಿಗೆ ಹೋದರು. ದತ್ತು ಬೇಡವೆಂದು ಸಾಯುವ ದಿನ ಅಣ್ಣ ತನ್ನೆದುರೇ ಹೆಂಡತಿಗೆ ಹೇಳಿದ್ದನೆಂಬುದು ಅವರ ವಾದ. ಗಂಡ ಬೇಡವೆಂದಿದ್ದರೆ ವಿಧವೆ ಮಾಡಿಕೊಂಡ ದತ್ತು ನಿಲ್ಲುವುದಿಲ್ಲ. ಇಂದ್ರವ್ವನ ನಂತರ ಆಸ್ತಿ ಮೈದುನನದೇ.

ರೋಗಿಯ ಕೋಣೆಯಲ್ಲಿ ಇಂದ್ರವ್ವನನ್ನು ಬಿಟ್ಟರೆ ಸದಾ ಇದ್ದವರು ಅನಸವ್ವ ಒಬ್ಬರೇ. "ಸೋಮವಾರನ ಅವರ ಮಾತು ನಿಂತಿತ್ರಿ. ಜೀವ ಹೋಗಿದ್ದು ಗುರುವಾರ," ಎನ್ನುತ್ತಾರೆ.

ವಿಚಾರಣೆಗೆ ಮೊದಲು ಗಿರಮಲ್ಲಪ್ಪನವರ ಆಳೊಬ್ಬ ಬಾಗಿಲಿಗೆ ಬಂದ. "ಸಾಕ್ಷಿ ಹೇಳಾಕ ಹೋದ್ರ, ನೀನ ಅವರಿಗೆ ವಿಷಾ ಕುಡಿಸಿದಿ ಅಂತ ಊರತುಂಬ ಹೇಳತೇವಿ ನೋಡಬೇ."

"ನಲವತ್ತ ಮಂದಿ ನನ್ನ ಕೈಯಾಗ ಸತ್ತಾರ್ರಿ. ಹಂಗಂದ್ರ ನನ್ನ ಮಾತ ಯಾರ ನಂಬತಾರ?" ಎನ್ನುತ್ತಾರೆ ಅನಸವ್ವ. ಎಂಟು ದಿನ ಅವರಿಗೆ ಅನ್ನ ಸೇರಲಿಲ್ಲ.

ಆದರೂ ಹೋದರು. ಗಿರಮಲ್ಲಪ್ಪನವರ ವಕೀಲರು ಕೇಳಿದ್ದೂ ಅದನ್ನೇ: ರೋಗಿಗೆ ಕೊನೆಗೆ ಏನು ಕುಡಿಸಿದೆ? ಅನಸವ್ವ ಕಟಕಟೆ ಹಿಡಿದುಕೊಂಡು ಹೇಳಿದರು: "ಗಂಜಿಯ ತಿಳಿನೀರ್ರಿ. ಅರಿವಿ ತೊಯ್ಸಿ ಬಾಯಾಗ ಹಿಂಡತಿದ್ನಿ. ನುಂಗಾಕ ಬರದವರಿಗೆ ಮಾತು ಹೆಂಗ ಬರತೈತ್ರಿ?"

ಕಳೆದ ತಿಂಗಳು ತೀರ್ಪಾಯಿತು. ದತ್ತು ಉಳಿಯಿತು. ಅಂಜಿಕೆಯೂ ಉಳಿದಿದೆ. ವಿಷದ ಮಾತು ಊರಲ್ಲಿ ಹಬ್ಬಿ ಎರಡು ಮನೆಗಳವರು ಇವರನ್ನು ಕರೆಯುವುದು ಬಿಟ್ಟಿದ್ದಾರೆ. ಕತ್ತಲಾಗುವ ಮೊದಲೇ ಅನಸವ್ವ ಬಾಗಿಲಿಗೆ ಅಗಳಿ ಹಾಕುತ್ತಾರೆ.

ನಿನ್ನೆ ಮತ್ತೊಂದು ಕರೆ ಬಂದಿದೆ, ಗಿರಮಲ್ಲಪ್ಪನವರ ಮನೆಯಿಂದಲೇ. ಅವರ ಹೆಂಡತಿಯ ತಾಯಿ ಹಾಸಿಗೆ ಹಿಡಿದಿದ್ದಾರೆ. ಅನಸವ್ವನೇ ಬೇಕೆಂದು ಹಟ ಹಿಡಿದಿದ್ದಾರಂತೆ.

"ಆ ಮುದುಕಿಗಿ ಏನರ ಆತಂದ್ರ, ನಾನ ಕೊಂದೆ ಅಂತಾರ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಹಾಗಾದರೆ ಹೋಗುವುದಿಲ್ಲವೇ ಎಂದರೆ, ಬಟ್ಟೆ ಹಿಂಡಿ ಹರವುತ್ತಾರೆ.

"ಹೋಗತೇನ್ರಿ. ಬೆನ್ನ ಹುಣ್ಣಾಗೇತಂತ. ಹೊರಳಸಾಕ ಅಲ್ಲಿ ಯಾರಿಗೂ ಬರೂದಿಲ್ಲ."